ಕೀಲಿಮಣೆಯ ಹಿಂದಿನ ಓದು

ಮನೆಯಲ್ಲಿ ಕಂಪ್ಯೂಟರ್ ಕಲಿತ ಮಗನಿದ್ದಾನೆ, ಮಗಳಿದ್ದಾಳೆ ಎಂದು ಹೇಳಿಕೊಳ್ಳುವಾಗ ತಂದೆತಾಯಂದಿರ ಮುಖದಲ್ಲಿ ಒಂದು ಬಗೆಯ ನೆಮ್ಮದಿ ಕಾಣುತ್ತದೆ. ಉದ್ಯೋಗ ದೊರೆತಿದೆ, ಸಂಬಳ ಬರುತ್ತಿದೆ, ಇನ್ನು ಚಿಂತೆಯಿಲ್ಲ ಎಂಬ ಭಾವ ಅದು. ಆದರೆ ಆ ಮಗುವಿನ ದಿನ ಹೇಗೆ ಕಳೆಯುತ್ತದೆ, ಕೆಲಸದ ಹೊತ್ತು ಮುಗಿದ ಮೇಲೆ ಅದು ಏನನ್ನು ಓದುತ್ತದೆ, ಯಾವುದರಲ್ಲಿ ಮನಸ್ಸು ತೊಡಗಿಸುತ್ತದೆ ಎಂದು ಕೇಳುವವರು ವಿರಳ. ಇನ್ನೂ ಓದುತ್ತಿರುವ ಮಕ್ಕಳ ವಿಷಯದಲ್ಲಂತೂ ಹಲವು ಮನೆಗಳಲ್ಲಿ ಒಂದೇ ಮಾತು: ಸಂಗೀತ ಸಾಕು, ಕಥೆ ಪುಸ್ತಕ ಸಾಕು, ಹಳಗನ್ನಡದಿಂದ ಹೊಟ್ಟೆ ತುಂಬುವುದೇ? ಕಂಪ್ಯೂಟರ್ ಒಂದನ್ನೇ ಹಿಡಿ. ಈ ಮಾತು ಮಕ್ಕಳ ಹಿತಕ್ಕಾಗಿಯೇ ಆಡಿದ್ದೆಂಬುದರಲ್ಲಿ ನಮಗೆ ಸಂಶಯವಿಲ್ಲ. ಆದರೂ ಕನ್ನಡವು ಕಂಪ್ಯೂಟರಿನೊಳಗೆ ಪ್ರವೇಶ ಪಡೆದ ಚರಿತ್ರೆಯನ್ನು ನೋಡಿದರೆ ಬೇರೊಂದು ಸಂಗತಿ ತಿಳಿಯುತ್ತದೆ. ಆ ಬಾಗಿಲನ್ನು ತೆರೆದವರು ಯಾವುದೋ ಒಂದನ್ನು ಮಾತ್ರ ಹಿಡಿದವರಲ್ಲ. ಕೆಲಸದ ಆಚೆಗೆ ವ್ಯಾಕರಣವನ್ನೋ ಲಿಪಿಯನ್ನೋ ಸಾಹಿತ್ಯವನ್ನೋ ಹವ್ಯಾಸವಾಗಿ ಬೆಳೆಸಿಕೊಂಡವರು. ಅದನ್ನೇ ಈ ಸಲ ಓದುಗ ಬಾಂಧವರ ಮುಂದಿಡಲು ಬಯಸಿದ್ದೇವೆ.

ಮೂಡುಬಿದಿರೆಯಿಂದ ಕಾರ್ಕಳಕ್ಕೆ ಹೋಗುವ ಹೆದ್ದಾರಿಯಲ್ಲಿ ಬೆಳುವಾಯಿ ಎಂಬ ಊರಿದೆ. ಕಂಗು, ತೆಂಗು, ಗದ್ದೆ, ಗುಡ್ಡ, ನಡುವೆ ಚದುರಿದ ಮನೆಗಳು. ಕರಾವಳಿಯ ಒಳನಾಡಿನ ಎಲ್ಲ ಊರುಗಳಂತೆಯೇ ಇದೂ ಒಂದು. ಆದರೆ ಇಂದು ಇದು ಎಂಜಿನಿಯರಿಂಗ್ ಕಾಲೇಜುಗಳ ನಡುವೆ ಸಿಕ್ಕಿದ ಊರೂ ಹೌದು. ಕಾರ್ಕಳದ ಕಡೆಗೆ ನಿಟ್ಟೆಯಲ್ಲಿ 1986ರಲ್ಲಿ ಕಾಲೇಜು ಆರಂಭವಾಯಿತು. ಮೂಡುಬಿದಿರೆಯ ಆಚೆ ಮಿಜಾರಿನ ಆಸುಪಾಸಿನಲ್ಲಿ 2007 ಮತ್ತು 2008ರಲ್ಲಿ ಎರಡು ಕಾಲೇಜುಗಳು ತಲೆಯೆತ್ತಿದವು. ಸಮುದ್ರದ ಕಡೆಗೆ ಸುರತ್ಕಲ್ಲಿನಲ್ಲಿ 1960ರಿಂದಲೂ ದೊಡ್ಡ ವಿದ್ಯಾಲಯವಿದೆ. ಉಡುಪಿಯಲ್ಲಿ 1996ರಲ್ಲಿ ರೋಹಿತ್ ಭಟ್ಟರು ರೋಬೋಸಾಫ್ಟ್ ಎಂಬ ತಂತ್ರಾಂಶ ಸಂಸ್ಥೆಯನ್ನು ಕಟ್ಟಿದರು. ಹೀಗಾಗಿ ಈ ಭಾಗದಲ್ಲಿ ಕಂಪ್ಯೂಟರ್ ವಿದ್ಯೆ ಪರದೇಶದ ವಸ್ತುವಾಗಿ ಉಳಿದಿಲ್ಲ. ಅಡಿಕೆ ಸುಲಿಯುವ ಚಾವಡಿಯ ಪಕ್ಕದ ಕೋಣೆಯಲ್ಲಿ ಅದೂ ಒಂದು ಮನೆಗೆಲಸದಂತೆ ನಡೆಯುತ್ತಿದೆ.

2020ರ ಮಹಾಮಾರಿಯ ಕಾಲದಲ್ಲಿ ಬೆಂಗಳೂರಿನಲ್ಲಿದ್ದ ತರುಣರು ಊರುಗಳಿಗೆ ಮರಳಿದಾಗ ಹಿರಿಯರು ಈ ಕೆಲಸವನ್ನು ಮೊದಲ ಬಾರಿಗೆ ಕಣ್ಣಾರೆ ಕಂಡರು. ಮನೆಯೊಳಗೆ ಸಂಪರ್ಕ ಸಿಗದೆ ಗುಡ್ಡದ ನೆತ್ತಿಯಲ್ಲಿ, ಮರದ ಬುಡದಲ್ಲಿ ಕುಳಿತು ಕೆಲಸ ಮಾಡಿದವರಿದ್ದರು. ಅಮೆರಿಕದ ಹಗಲಿಗೆ ಹೊಂದಿಕೊಳ್ಳಲು ನಮ್ಮ ರಾತ್ರಿಯನ್ನು ತೆತ್ತವರಿದ್ದರು. ಮಗ ಗಂಟೆಗಟ್ಟಲೆ ಪರದೆಯನ್ನು ನೋಡುತ್ತಾನೆ, ನಡುವೆ ನಾಲ್ಕು ಅಕ್ಷರ ಒತ್ತುತ್ತಾನೆ, ಮತ್ತೆ ಸುಮ್ಮನೆ ಕುಳಿತಿರುತ್ತಾನೆ. ಇದೆಂಥ ಕೆಲಸ ಎಂದು ತಾಯಂದಿರು ಬೆರಗಾದರು.

ಈ ಬೆರಗಿಗೆ ಉತ್ತರವಿದೆ. ಪ್ರೋಗ್ರಾಮ್ ಎಂಬ ಮಾತಿಗೆ ಕನ್ನಡದಲ್ಲಿ ಕ್ರಮವಿಧಿ ಎಂಬ ಒಳ್ಳೆಯ ಶಬ್ದವಿದೆ. ಯಂತ್ರವು ಮಾಡಬೇಕಾದುದನ್ನು ಒಂದೊಂದೇ ಹೆಜ್ಜೆಯಾಗಿ, ಸಂದಿಗ್ಧಕ್ಕೆ ಎಡೆಯಿಲ್ಲದಂತೆ ಬರೆದಿಡುವುದೇ ಕ್ರಮವಿಧಿ. ಹೊಸತಾಗಿ ಬರೆಯುವ ಹೊತ್ತು ಕಡಿಮೆ. ಬೇರೆಯವರು ಬರೆದುದನ್ನು ಓದುವ ಹೊತ್ತು ಹೆಚ್ಚು. ಎಲ್ಲಿ ತಪ್ಪಿದೆ ಎಂದು ಹುಡುಕುವ ಹೊತ್ತು ಇನ್ನೂ ಹೆಚ್ಚು. ಹತ್ತು ಸಾವಿರ ಸಾಲುಗಳ ನಡುವೆ ಒಂದು ಚಿಹ್ನೆ ತಪ್ಪಿದರೂ ಫಲ ಕೆಡುತ್ತದೆ. ತಾಳೆಯೋಲೆಗಳ ಸಂಪಾದನೆಯಲ್ಲಿ ತೊಡಗಿದವರಿಗೆ ಈ ಶ್ರಮದ ಪರಿಚಯವಿದೆ. ಒಂದೇ ಕಾವ್ಯದ ನಾಲ್ಕು ಪ್ರತಿಗಳನ್ನು ಮುಂದಿಟ್ಟುಕೊಂಡು, ಲಿಪಿಕಾರನ ಕೈ ಜಾರಿದ್ದು ಎಲ್ಲಿ, ಯಾವ ಪಾಠ ಶುದ್ಧ ಎಂದು ನಿರ್ಣಯಿಸಲು ಒಂದು ಹಗಲೇ ಕಳೆಯುವುದುಂಟು. ಕ್ರಮವಿಧಿಕಾರನೂ ಹಳೆಯ ಪ್ರತಿ, ಹೊಸ ಪ್ರತಿಗಳನ್ನು ಸಾಲುಸಾಲಾಗಿ ಹೋಲಿಸಿ ನೋಡುತ್ತಾನೆ. ಸುಮ್ಮನೆ ಕುಳಿತಂತೆ ಕಾಣುವ ಆ ಹೊತ್ತು ಓದಿನ ಹೊತ್ತೇ ಆಗಿದೆ.

ವ್ಯಾಕರಣ ಓದಿದವರಿಗೆ ಇನ್ನೂ ಒಂದು ಸಾಮ್ಯ ಹೊಳೆಯದಿರದು. ಪಾಣಿನಿಯ ಅಷ್ಟಾಧ್ಯಾಯಿಯಲ್ಲಿ ಸುಮಾರು 4,000 ಸೂತ್ರಗಳಿವೆ. ಒಂದು ಸೂತ್ರದ ಪದ ಮುಂದಿನ ಸೂತ್ರಗಳಿಗೆ ಹರಿದುಬರುತ್ತದೆ. ಎರಡು ಸೂತ್ರಗಳ ನಡುವೆ ವಿರೋಧ ಬಂದರೆ ಯಾವುದು ಗೆಲ್ಲಬೇಕೆಂಬುದಕ್ಕೂ ಸೂತ್ರವಿದೆ. ಕಂಪ್ಯೂಟರ್ ಭಾಷೆಗಳ ನಿಯಮಗಳನ್ನು ಬರೆಯಲು ಪಾಶ್ಚಾತ್ಯರು ರೂಪಿಸಿದ ಒಂದು ಕ್ರಮಕ್ಕೆ ಪಾಣಿನಿಯ ಹೆಸರನ್ನೂ ಸೇರಿಸಬೇಕೆಂದು ಇಂಗರ್ಮನ್ ಎಂಬ ವಿದ್ವಾಂಸರು 1967ರಲ್ಲಿಯೇ ಸೂಚಿಸಿದ್ದರು. ಇದರಿಂದ ಪಾಣಿನಿ ಕಂಪ್ಯೂಟರನ್ನು ಬಲ್ಲವನಾಗಿದ್ದನೆಂದು ಹೇಳುವುದು ಅತಿರೇಕವಾದೀತು. ನಿಯಮಗಳನ್ನು ಸಂಕ್ಷೇಪವಾಗಿ, ಲೋಪವಿಲ್ಲದಂತೆ ಹೆಣೆಯುವ ಬುದ್ಧಿಯ ಅಭ್ಯಾಸ ಎರಡರಲ್ಲಿಯೂ ಒಂದೇ ಎಂಬಷ್ಟನ್ನು ಒಪ್ಪಿದರೆ ಸಾಕು. ಈ ಅಭ್ಯಾಸವುಳ್ಳವರೊಬ್ಬರು ನಮ್ಮ ಕರಾವಳಿಯಲ್ಲಿಯೇ ಹುಟ್ಟಿದುದು ಕನ್ನಡದ ಭಾಗ್ಯ.

ಕಿನ್ನಿಕಂಬಳದ ಪದ್ಮನಾಭ ರಾಯರು

ಮಂಗಳೂರಿಗೆ ಸಮೀಪದ ಕಿನ್ನಿಕಂಬಳದಲ್ಲಿ 1940ರಲ್ಲಿ ಜನಿಸಿದ ಕಿನ್ನಿಕಂಬಳ ಪದ್ಮನಾಭ ರಾವ್ ಅವರನ್ನು ನಾಡು ಕೆ. ಪಿ. ರಾವ್ ಎಂದೇ ಬಲ್ಲದು. ಮುಂಬಯಿಯ ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯಲ್ಲಿಯೂ ಮುಂದೆ ಮುದ್ರಣ ಮತ್ತು ಅಕ್ಷರ ಜೋಡಣೆಯ ಕ್ಷೇತ್ರದಲ್ಲಿಯೂ ಅವರು ದುಡಿದರು. ಮಣಿಪಾಲದಲ್ಲಿ ಪಾಠ ಹೇಳಿದರು. ಇವು ಅವರ ವೃತ್ತಿ. ಇವುಗಳ ಜತೆಗೆ ಲಿಪಿಗಳ ಚರಿತ್ರೆ, ಸಿಂಧೂ ಕಣಿವೆಯ ಚಿಹ್ನೆಗಳು, ಭಾಷಾಶಾಸ್ತ್ರ, ಛಂದಸ್ಸು ಇವೆಲ್ಲ ಅವರ ಆಸಕ್ತಿಯ ಪರಿಧಿಯೊಳಗಿದ್ದವು. ಮುಂದೆ ಅವರು ವರ್ಣಕ ಎಂಬ ಕಾದಂಬರಿಯನ್ನೂ ಬರೆದರು. ಈ ಹವ್ಯಾಸಗಳು ಕೇವಲ ಕಾಲಕ್ಷೇಪಕ್ಕಾಗಿ ಇದ್ದವೆಂದು ತಿಳಿಯಬಾರದು. ಅವರು ಕನ್ನಡಕ್ಕೆ ಕೊಟ್ಟ ಕೀಲಿಮಣೆಯ ವಿನ್ಯಾಸವನ್ನು ಪರಿಶೀಲಿಸಿದರೆ ಆ ಓದು ಎಲ್ಲಿ ಫಲಿಸಿತೆಂಬುದು ಗೊತ್ತಾಗುತ್ತದೆ.

ಹಿಂದಿನ ಕನ್ನಡ ಬೆರಳಚ್ಚು ಯಂತ್ರವನ್ನು ಬಲ್ಲವರು ನೆನಪಿಸಿಕೊಳ್ಳಬೇಕು. ಅನಂತಸುಬ್ಬರಾಯರು ರೂಪಿಸಿದ ಆ ವಿನ್ಯಾಸ ತನ್ನ ಕಾಲಕ್ಕೆ ದೊಡ್ಡ ಸಾಧನೆ. ಆದರೆ ಯಂತ್ರವು ಕಾಗದದ ಮೇಲೆ ಆಕಾರವನ್ನು ಒತ್ತಬೇಕಾದುದರಿಂದ ಅಲ್ಲಿ ಅಕ್ಷರವನ್ನು ತುಂಡುಗಳಾಗಿ ಜೋಡಿಸಬೇಕಾಗಿತ್ತು. ತಲೆಕಟ್ಟು ಬೇರೆ, ಗುಡಿಸು ಬೇರೆ, ಕೊಂಬು ಬೇರೆ, ಒತ್ತು ಬೇರೆ. ಕಲಿಯುವವನು ಅಕ್ಷರದ ರೂಪವನ್ನು ಬಿಡಿಸಿ ನೆನಪಿಡಬೇಕಾಗಿತ್ತು.

ರಾಯರು ಆಕಾರವನ್ನು ಬದಿಗಿಟ್ಟು ಧ್ವನಿಯನ್ನು ಹಿಡಿದರು. ನಮ್ಮ ವರ್ಣಮಾಲೆ ರೂಪುಗೊಂಡದ್ದು ಧ್ವನಿಯ ಕ್ರಮದಲ್ಲಿ. ಸ್ವರ, ವ್ಯಂಜನ, ಅಲ್ಪಪ್ರಾಣ, ಮಹಾಪ್ರಾಣ ಎಂದು ವೈಯಾಕರಣರು ವಿಂಗಡಿಸಿದ್ದಾರೆ. ವ್ಯಂಜನಕ್ಕೆ ಸ್ವರ ಸೇರಿದರೆ ಗುಣಿತಾಕ್ಷರ, ವ್ಯಂಜನಕ್ಕೆ ವ್ಯಂಜನ ಸೇರಿದರೆ ಒತ್ತಕ್ಷರ. ಈ ವ್ಯಾಕರಣವನ್ನೇ ಅವರು ಇಂಗ್ಲಿಷಿನ 26 ಕೀಲಿಗಳ ಮೇಲೆ ಕೂರಿಸಿದರು. ಕೆ ಕೀಲಿಯಲ್ಲಿ ಕಕಾರ. ಅದನ್ನೇ ಶಿಫ್ಟ್ ಒತ್ತಿ ಹಿಡಿದು ಒತ್ತಿದರೆ ಮಹಾಪ್ರಾಣ ಖಕಾರ. ಜಿ ಕೀಲಿಯಲ್ಲಿ ಗ, ಶಿಫ್ಟಿನೊಡನೆ ಘ. ವ್ಯಂಜನದ ನಂತರ ಸ್ವರದ ಕೀಲಿ ಒತ್ತಿದರೆ ಗುಣಿತ ತಾನಾಗಿ ಮೂಡುತ್ತದೆ. ಒತ್ತಕ್ಷರ ಬೇಕಾದಾಗ ಎರಡು ವ್ಯಂಜನಗಳ ನಡುವೆ ಎಫ್ ಕೀಲಿ ಕೊಂಡಿಯಾಗಿ ನಿಲ್ಲುತ್ತದೆ.

ಬಸವಣ್ಣ ಎಂದು ಬರೆಯಬೇಕೆಂದು ಇಟ್ಟುಕೊಳ್ಳಿ. ಬಿ, ಎಸ್, ವಿ ಎಂದು ಮೂರು ಕೀಲಿಗಳನ್ನು ಒತ್ತಿದರೆ ಬಸವ ಎಂದಾಯಿತು. ಆಮೇಲೆ ಶಿಫ್ಟಿನೊಡನೆ ಎನ್ ಒತ್ತಿದರೆ ಣಕಾರ. ಎಫ್ ಒತ್ತಿದರೆ ಕೊಂಡಿ. ಮತ್ತೆ ಶಿಫ್ಟಿನೊಡನೆ ಎನ್ ಒತ್ತಿದರೆ ಣಕಾರದ ಒತ್ತು. ಒಟ್ಟು ಆರು ಕೀಲಿಗಳು. ಕಣ್ಣಿಗೆ ಕಾಣುವ ಆಕಾರ ಎಷ್ಟೇ ಜಟಿಲವಾಗಿದ್ದರೂ ಬೆರಳು ಉಚ್ಚಾರದ ದಾರಿಯಲ್ಲಿಯೇ ಸಾಗುತ್ತದೆ. ಕನ್ನಡ ಶಾಲೆಯಲ್ಲಿ ಕಾಗುಣಿತ ಕಲಿತ ಮಗುವಿಗೆ ಇದರ ತತ್ತ್ವ ಒಂದು ಗಳಿಗೆಯಲ್ಲಿ ತಿಳಿಯುತ್ತದೆ, ಕೈಗೆ ರೂಢಿಯಾಗಲು ಕೆಲವು ದಿನ ಸಾಕು. ಯಂತ್ರಶಾಸ್ತ್ರ ಮಾತ್ರ ಬಲ್ಲವರಿಗೆ ಈ ಉಪಾಯ ಹೊಳೆಯುವುದು ಕಷ್ಟ. ವರ್ಣಗಳ ಸ್ವಭಾವವನ್ನು ಬಲ್ಲ ಕ್ರಮವಿಧಿಕಾರನಿಗೆ ಅದು ಸಹಜವಾಗಿ ಹೊಳೆಯಿತು.

ಈ ವಿನ್ಯಾಸವನ್ನು ರಾಯರು ಮಾರಾಟದ ಸರಕಾಗಿ ಇಟ್ಟುಕೊಳ್ಳಲಿಲ್ಲ. ಅವರು ರೂಪಿಸಿದ ಕನ್ನಡ ತಂತ್ರಾಂಶಕ್ಕೆ ಸೇಡಿಯಾಪು ಎಂದು ಹೆಸರಿಟ್ಟು ಅದನ್ನು ಉಚಿತವಾಗಿ ಹಂಚಿದರು. ಸೇಡಿಯಾಪು ಕೃಷ್ಣ ಭಟ್ಟರು (1902-1996) ಕರಾವಳಿಯ ಹಿರಿಯ ವಿದ್ವಾಂಸರು. ಛಂದೋಗತಿ ಎಂಬ ಗ್ರಂಥದ ಮೂಲಕ ಛಂದಸ್ಸಿನ ವಿಚಾರಕ್ಕೆ ಹೊಸ ದಿಕ್ಕು ತೋರಿದವರು. ಕಂಪ್ಯೂಟರ್ ತಂತ್ರಾಂಶವೊಂದು ಛಂದಶ್ಶಾಸ್ತ್ರಜ್ಞರ ಹೆಸರನ್ನು ಹೊತ್ತಿರುವುದು ಲೋಕದಲ್ಲಿ ಅಪರೂಪ. ವಿದ್ಯೆಯ ಋಣ ಎಲ್ಲಿಂದ ಬಂತೆಂಬುದನ್ನು ರಾಯರು ಮರೆಯಲಿಲ್ಲ ಎಂಬುದಕ್ಕೆ ಆ ಹೆಸರೇ ಸಾಕ್ಷಿ. ಮುಂದೆ ಅವರ ವಿನ್ಯಾಸವೇ ಕೊಂಚ ಮಾರ್ಪಾಟುಗಳೊಡನೆ ಕರ್ನಾಟಕ ಸರಕಾರದ ಪ್ರಮಾಣ ವಿನ್ಯಾಸವಾಯಿತು. ಕನ್ನಡ ಗಣಕ ಪರಿಷತ್ತಿನ ನುಡಿ ತಂತ್ರಾಂಶದ ಮೂಲಕ ಕಚೇರಿ ಕಚೇರಿಗೂ ತಲುಪಿತು. ಹಂಪಿಯ ಕನ್ನಡ ವಿಶ್ವವಿದ್ಯಾಲಯ ಅವರಿಗೆ ನಾಡೋಜ ಪದವಿಯನ್ನಿತ್ತು ಗೌರವಿಸಿತು.

ಅದೇ ದಾರಿಯ ಇನ್ನಿತರರು

ಇದು ಒಬ್ಬರ ಕಥೆಯಾಗಿದ್ದರೆ ಅಪವಾದವೆಂದು ಬಿಡಬಹುದಾಗಿತ್ತು. ಆದರೆ ಕನ್ನಡದ ಮಟ್ಟಿಗೆ ಇದು ಪದೇ ಪದೇ ನಡೆದಿದೆ. ಯು. ಬಿ. ಪವನಜ ಅವರು ಮುಂಬಯಿಯ ಭಾಭಾ ಅಣು ಸಂಶೋಧನ ಕೇಂದ್ರದಲ್ಲಿ ವಿಜ್ಞಾನಿಯಾಗಿದ್ದವರು, ಓದಿದ್ದು ರಸಾಯನಶಾಸ್ತ್ರ. ಕಂಪ್ಯೂಟರ್ ಅವರು ಆಸಕ್ತಿಯಿಂದ ಕಲಿತ ವಿದ್ಯೆ. ಅಂತರಜಾಲದಲ್ಲಿ ಕನ್ನಡದ ಮೊದಲ ಪತ್ರಿಕೆಯಾದ ವಿಶ್ವಕನ್ನಡವನ್ನು 1996ರಲ್ಲಿ ಆರಂಭಿಸಿದವರು ಅವರೇ. ಮಕ್ಕಳು ಕನ್ನಡದಲ್ಲಿಯೇ ಆಜ್ಞೆಗಳನ್ನು ಬರೆದು ಕ್ರಮವಿಧಿಯ ಮೊದಲ ಪಾಠ ಕಲಿಯುವಂತೆ ಕನ್ನಡ ಲೋಗೋ ಎಂಬ ತಂತ್ರಾಂಶವನ್ನೂ ಅವರು ಸಿದ್ಧಪಡಿಸಿದರು.

1998ರಲ್ಲಿ ಬಂದ ಬರಹ ತಂತ್ರಾಂಶವನ್ನು ಹಲವು ಮನೆಗಳಲ್ಲಿ ಇಂದಿಗೂ ನೆನೆಯುತ್ತಾರೆ. ಶೇಷಾದ್ರಿವಾಸು ಚಂದ್ರಶೇಖರನ್ ಎಂಬ ತರುಣ ಅದನ್ನು ತಮ್ಮ ಬಿಡುವಿನಲ್ಲಿ ರಚಿಸಿ ಉಚಿತವಾಗಿ ಕೊಟ್ಟರು. ಹೊರನಾಡಿನಲ್ಲಿದ್ದ ಎಷ್ಟೋ ಮಕ್ಕಳು ತಂದೆತಾಯಿಗೆ ಕನ್ನಡದಲ್ಲಿ ಪತ್ರ ಬರೆದದ್ದು ಅದರಿಂದ. ಸಂಡೂರಿನವರಾದ ವಸುಧೇಂದ್ರ ಅವರು ಸುರತ್ಕಲ್ಲಿನಲ್ಲಿ ಎಂಜಿನಿಯರಿಂಗ್ ಓದಿ, ಹಲವು ವರ್ಷ ತಂತ್ರಾಂಶ ಉದ್ಯೋಗದಲ್ಲಿದ್ದುಕೊಂಡೇ ಕಥೆ, ಪ್ರಬಂಧಗಳನ್ನು ಬರೆದರು. ಛಂದ ಪುಸ್ತಕ ಎಂಬ ಪ್ರಕಾಶನವನ್ನು ಕಟ್ಟಿ ಹೊಸ ಲೇಖಕರನ್ನು ಬೆಳಕಿಗೆ ತಂದರು. 2019ರಲ್ಲಿ ತೇಜೋ ತುಂಗಭದ್ರಾ ಕಾದಂಬರಿಯನ್ನು ಪ್ರಕಟಿಸಿದರು.

ವಿ. ಕೃಷ್ಣ ಎಂಬವರು ಸುಮಾರು ನಾಲ್ಕು ದಶಕಗಳ ಕಾಲ ಒಬ್ಬರೇ ಕುಳಿತು ಕನ್ನಡ-ಇಂಗ್ಲಿಷ್ ನಿಘಂಟೊಂದನ್ನು ಸಿದ್ಧಪಡಿಸಿದ್ದರು. ಒಂದೂವರೆ ಲಕ್ಷದಷ್ಟು ಪದಗಳ ಆ ರಾಶಿ ಎಲ್ಲರ ಕೈಗೆ ಸಿಕ್ಕಿದ್ದು 2019ರಲ್ಲಿ, ಕೈಲಾಶ್ ನಾಧ್ ಎಂಬ ಕ್ರಮವಿಧಿಕಾರರು ಅದಕ್ಕೊಂದು ತಂತ್ರಾಂಶ ರಚಿಸಿ ಅಲರ್ ಎಂಬ ಹೆಸರಿನಲ್ಲಿ ಅಂತರಜಾಲದಲ್ಲಿ ಉಚಿತವಾಗಿ ಇರಿಸಿದಾಗ. ನಿಘಂಟಿನ ತಪಸ್ಸು ಒಬ್ಬರದು, ಅದನ್ನು ಮನೆಮನೆಗೆ ಮುಟ್ಟಿಸಿದ ಕೈ ಇನ್ನೊಬ್ಬರದು. ಕಂಪ್ಯೂಟರ್ ಬಲ್ಲವರಿಗೆ ನಿಘಂಟಿನ ಬೆಲೆ ತಿಳಿಯದಿದ್ದರೆ ಈ ಕೂಟ ಆಗುತ್ತಿರಲಿಲ್ಲ.

ವಚನಗಳ ಎರಡನೆಯ ಉದ್ಧಾರ

ಈ ವಿಷಯ ನಮ್ಮ ಮನೆಯಂಗಳಕ್ಕೆ ಬರುವುದು ಇಲ್ಲಿ. ಫ. ಗು. ಹಳಕಟ್ಟಿಯವರು (1880-1964) ವೃತ್ತಿಯಿಂದ ವಕೀಲರು. ವಿಜಾಪುರದ ನ್ಯಾಯಾಲಯ ಅವರ ಅನ್ನದ ದಾರಿ. ಊರೂರು ತಿರುಗಿ ವಚನಗಳ ತಾಳೆಯೋಲೆಗಳನ್ನು ಕೂಡಿಸಿದ್ದು, ಓದಿದ್ದು, ಪ್ರತಿಮಾಡಿದ್ದು ಅವರು ತಮಗೆ ತಾವೇ ವಹಿಸಿಕೊಂಡ ಕೆಲಸ. 1923ರಲ್ಲಿ ವಚನಶಾಸ್ತ್ರಸಾರ ಹೊರಬಂದಿತು. ಮನೆಯನ್ನು ಮಾರಿ 1925ರಲ್ಲಿ ಹಿತಚಿಂತಕ ಮುದ್ರಣಾಲಯ ಸ್ಥಾಪಿಸಿದರು. 1926ರಲ್ಲಿ ಶಿವಾನುಭವ ಪತ್ರಿಕೆ ಆರಂಭಿಸಿದರು. ವಕೀಲಿಗೆ ಇದು ಬೇಕಿಲ್ಲ, ಇದನ್ನು ಬಿಡು ಎಂದು ಯಾರಾದರೂ ಹೇಳಿ ಅವರು ಕೇಳಿದ್ದರೆ ಎಷ್ಟು ಓಲೆಗಳು ಗೆದ್ದಲಿನ ಪಾಲಾಗುತ್ತಿದ್ದವೋ ಬಲ್ಲವರಾರು!

ಅವರೂ ಅವರ ನಂತರದ ವಿದ್ವಾಂಸರೂ ನಡೆಸಿದ ದುಡಿಮೆಯ ಫಲವಾಗಿ, ಎಂ. ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದಲ್ಲಿ 1993ರಲ್ಲಿ ಸಮಗ್ರ ವಚನ ಸಂಪುಟದ 15 ಸಂಪುಟಗಳು ಸರಕಾರದಿಂದ ಪ್ರಕಟವಾದವು. ಇನ್ನೂರಕ್ಕೂ ಮಿಕ್ಕ ವಚನಕಾರರ 20 ಸಾವಿರಕ್ಕೂ ಹೆಚ್ಚು ವಚನಗಳು ಒಂದೆಡೆ ನಿಂತವು. ಮುದ್ರಣದಲ್ಲಿ ಅದು ಪೂರ್ಣವಾದ ಕೆಲಸ. ಕಂಪ್ಯೂಟರಿನಲ್ಲಿ ಮಾತ್ರ ಒಂದು ತೊಡಕು ಉಳಿದಿತ್ತು.

ಆ ತೊಡಕನ್ನು ಮನೆಯವರೂ ತಿಳಿಯುವುದು ಒಳ್ಳೆಯದು. ನುಡಿ, ಬರಹ ಮೊದಲಾದವುಗಳ ಹಳೆಯ ಕ್ರಮದಲ್ಲಿ ಕನ್ನಡ ಅಕ್ಷರದ ತುಂಡುಗಳನ್ನು ರೋಮನ್ ಚಿಹ್ನೆಗಳ ಜಾಗದಲ್ಲಿ ಕೂರಿಸಿದ್ದರು. ಆ ಅಕ್ಷರಶೈಲಿ ಅಳವಡಿಸಿದ ಯಂತ್ರದಲ್ಲಿ ಮಾತ್ರ ಕನ್ನಡ ಕಾಣುತ್ತಿತ್ತು; ಬೇರೆ ಯಂತ್ರದಲ್ಲಿ ಅದೇ ಬರಹ ಅರ್ಥವಿಲ್ಲದ ಚಿಹ್ನೆಗಳ ಸಾಲಾಗುತ್ತಿತ್ತು. ಕನ್ನಡದಲ್ಲಿ ಹುಡುಕಿದರೆ ಸಿಗದು. ಯಂತ್ರದ ದೃಷ್ಟಿಯಲ್ಲಿ ಅದು ಕನ್ನಡವೇ ಅಲ್ಲ. ಇದಕ್ಕೆ ಪರಿಹಾರ ಯೂನಿಕೋಡ್ ಎಂಬ ಜಾಗತಿಕ ಸಂಕೇತ ವ್ಯವಸ್ಥೆ. 1991ರಲ್ಲಿ ಅದರ ಮೊದಲ ಆವೃತ್ತಿ ಬಂದಾಗಲೇ ಕನ್ನಡಕ್ಕೆ ಅಲ್ಲಿ ಸ್ವಂತ ಸ್ಥಾನವಿತ್ತು. ಅದರಲ್ಲಿ ಪ್ರತಿಯೊಂದು ವರ್ಣಕ್ಕೂ ಒಂದೊಂದು ಸಂಖ್ಯೆ. ಬಸವಣ್ಣ ಎಂಬಲ್ಲಿಯ ಣ್ಣ ಎಂಬುದು ಣಕಾರ, ಹಲಂತ ಚಿಹ್ನೆ, ಮತ್ತೆ ಣಕಾರ ಎಂದು ಧ್ವನಿಯ ಕ್ರಮದಲ್ಲಿ ಶೇಖರವಾಗುತ್ತದೆ. ಇಲ್ಲಿಯೂ ವೈಯಾಕರಣರ ದಾರಿಯೇ ಗೆದ್ದಿತು.

ಹಳೆಯ ಕ್ರಮದಲ್ಲಿದ್ದ ವಚನಗಳನ್ನು ಈ ಹೊಸ ಕ್ರಮಕ್ಕೆ ತಂದು, ಬೇಕಾದ ಶಬ್ದವನ್ನು ಹುಡುಕುವಂತೆ ಮಾಡಿದ್ದು ವಚನ ಸಂಚಯ ಎಂಬ ಯೋಜನೆ. ಹಿರಿಯ ವಿದ್ವಾಂಸರಾದ ಓ. ಎಲ್. ನಾಗಭೂಷಣಸ್ವಾಮಿ ಮತ್ತು ವಸುಧೇಂದ್ರ ಅವರೊಡನೆ ಓಂಶಿವಪ್ರಕಾಶ್, ಪವಿತ್ರಾ, ದೇವರಾಜ್ ಎಂಬ ತಂತ್ರಜ್ಞ ತರುಣರು ಇದರಲ್ಲಿ ದುಡಿದರು. ಜೀವನೋಪಾಯದ ಕೆಲಸ ಬೇರೆಯಿದ್ದು, ಅದರ ಆಚೆಗಿನ ಹೊತ್ತನ್ನು ಇದಕ್ಕೆ ಸಲ್ಲಿಸಿದವರು ಇವರು. ನಮ್ಮ ಅಧ್ಯಯನದ ದಿನಗಳಲ್ಲಿ ಒಂದು ಶಬ್ದ ಯಾವ ಯಾವ ವಚನಗಳಲ್ಲಿ ಬಂದಿದೆ ಎಂದು ತಿಳಿಯಬೇಕಾದರೆ ಪುಟಪುಟವನ್ನೂ ತಿರುವಿ ಚೀಟಿಗಳಲ್ಲಿ ಬರೆದುಕೊಂಡು ಅಕಾರಾದಿಯಾಗಿ ಕಟ್ಟಿಡಬೇಕಾಗಿತ್ತು, ತಿಂಗಳುಗಳ ಕೆಲಸ. ಇಂದು ಹಳ್ಳಿಯ ವಿದ್ಯಾರ್ಥಿನಿಯೊಬ್ಬಳು ಕೈಯಲ್ಲಿಯ ಫೋನಿನಲ್ಲಿ ಕಾಯಕ ಎಂಬ ಶಬ್ದವನ್ನು ಬರೆದರೆ, ಅದನ್ನು ಯಾವ ಶರಣರು, ಯಾವ ಶರಣೆಯರು ಯಾವ ಸಂದರ್ಭದಲ್ಲಿ ಬಳಸಿದ್ದಾರೆಂಬುದು ಕ್ಷಣಮಾತ್ರದಲ್ಲಿ ಮುಂದೆ ನಿಲ್ಲುತ್ತದೆ. ಪ್ರಸಿದ್ಧರ ವಚನಗಳ ಪಕ್ಕದಲ್ಲಿ ಕೇಳರಿಯದ ಶರಣೆಯರ ಮಾತುಗಳೂ ಸಮಾನವಾಗಿ ಕಾಣಿಸಿಕೊಳ್ಳುತ್ತವೆ. ಓಲೆಯಿಂದ ಅಚ್ಚಿಗೆ ತಂದದ್ದು ಮೊದಲ ಉದ್ಧಾರವಾದರೆ ಇದನ್ನು ಎರಡನೆಯದೆಂದು ಕರೆಯಲು ಅಡ್ಡಿಯಿಲ್ಲ. ಶರಣರ ಪರಿಭಾಷೆಯಲ್ಲಿ ಹೇಳುವುದಾದರೆ ವೃತ್ತಿ ಕಾಯಕವಾಯಿತು, ಬಿಡುವಿನ ಹೊತ್ತು ದಾಸೋಹವಾಯಿತು.

ಹವ್ಯಾಸದ ಬೆಲೆ

ಮತ್ತೆ ಬೆಳುವಾಯಿಯ ಕಡೆಗೆ ನೋಡೋಣ. ಸಮ್ಮಿಲನ್ ಶೆಟ್ಟಿಯವರು ಬೇರೊಂದು ವೃತ್ತಿಯಲ್ಲಿದ್ದುಕೊಂಡೇ ಈ ಊರಿನಲ್ಲಿ ಚಿಟ್ಟೆಗಳಿಗಾಗಿ ಒಂದು ಉದ್ಯಾನ ಬೆಳೆಸಿದ್ದಾರೆ. ಚಿಟ್ಟೆಯ ಮರಿಹುಳು ಯಾವ ಗಿಡದ ಎಲೆ ತಿನ್ನುತ್ತದೆ, ಬೆಳೆದ ಚಿಟ್ಟೆ ಯಾವ ಹೂವಿನ ಮಕರಂದ ಹೀರುತ್ತದೆ ಎಂದು ತಿಳಿದು ಆ ಗಿಡಗಳನ್ನು ಉಳಿಸಿದರೆ ಚಿಟ್ಟೆಗಳು ತಾವಾಗಿಯೇ ಬರುತ್ತವೆ. ಹವ್ಯಾಸವೆಂದರೆ ಹೀಗೆ: ನೋಡುವುದು, ಗುರುತಿಸುವುದು, ಬರೆದಿಡುವುದು, ಕಾಯುವುದು. ಈ ನಾಲ್ಕು ಗುಣಗಳೂ ಕ್ರಮವಿಧಿಕಾರನಿಗೆ ಬೇಕಾದವು. ಪಠ್ಯಪುಸ್ತಕದಿಂದ ಅವು ಬರುವುದು ಕಷ್ಟ. ಪ್ರೀತಿಯಿಂದ ಮಾಡುವ ಕೆಲಸದಿಂದ ಬರುತ್ತವೆ.

ಮೂಡುಬಿದಿರೆಯ ಜೈನಮಠದಲ್ಲಿ ತಾಳೆಯೋಲೆಗಳ ಪ್ರಾಚೀನ ಭಂಡಾರವಿದೆ. ಬೆಳ್ತಂಗಡಿ ತಾಲೂಕಿನ ಧರ್ಮಸ್ಥಳದಲ್ಲಿಯೂ ದೊಡ್ಡ ಸಂಗ್ರಹವಿದೆ. ಈ ಸೀಮೆಯ ಹಲವು ಓಲೆಗಳು ತಿಗಳಾರಿ ಎಂದೂ ತುಳು ಲಿಪಿ ಎಂದೂ ಕರೆಯಲಾಗುವ ಲಿಪಿಯಲ್ಲಿವೆ. ಆ ಲಿಪಿಗೆ ಯೂನಿಕೋಡಿನಲ್ಲಿ ಸ್ಥಾನ ದೊರೆತದ್ದು 2024ರ ಸೆಪ್ಟೆಂಬರಿನಲ್ಲಿ. ಅದರ ಹಿಂದೆ ವರ್ಷಗಟ್ಟಲೆ ದುಡಿದವರಲ್ಲಿ ಅಕ್ಷರವಿನ್ಯಾಸಕಿ ವೈಷ್ಣವಿ ಮೂರ್ತಿಯವರೂ ಲಿಪಿಗಳಲ್ಲಿ ಆಸಕ್ತಿಯುಳ್ಳ ಗಣಕತಜ್ಞ ವಿನೋದ್ ರಾಜನ್ ಅವರೂ ಮುಖ್ಯರು. ಇನ್ನು ಆ ಓಲೆಗಳನ್ನು ಓದಿ ಕಂಪ್ಯೂಟರಿಗೆ ಏರಿಸುವ ಕೆಲಸ ಮುಂದಿದೆ. ಲಿಪಿಯನ್ನು ಬಲ್ಲವರು ಮುಪ್ಪಿನವರಾಗುತ್ತಿದ್ದಾರೆ. ಯಂತ್ರವನ್ನು ಬಲ್ಲವರು ತರುಣರು. ಇಬ್ಬರೂ ಒಂದು ಚಾವಡಿಯಲ್ಲಿ ಕುಳಿತುಕೊಳ್ಳಬೇಕಾದ ಕಾಲವಿದು.

ಇಂದು ಕೃತಕ ಬುದ್ಧಿಮತ್ತೆ ಎಂಬ ಹೊಸ ಶಕ್ತಿ ಬಂದಿದೆ. 2022ರ ಕೊನೆಯಿಂದೀಚೆಗೆ ಯಂತ್ರಗಳೇ ಸಾಮಾನ್ಯ ಕ್ರಮವಿಧಿಗಳನ್ನು ಬರೆದುಕೊಡುವುದು ಮನೆಮಾತಾಗಿದೆ. ಇನ್ನು ನಮ್ಮ ಮಕ್ಕಳ ಗತಿಯೇನು ಎಂದು ಕೆಲವು ತಂದೆತಾಯಂದಿರು ನಮ್ಮನ್ನು ಕೇಳುತ್ತಾರೆ. ಭವಿಷ್ಯ ಹೇಳುವುದು ನಮ್ಮ ವಿದ್ಯೆಯಲ್ಲ. ಆದರೆ ಎರಡು ಮಾತು ಹೇಳಬಹುದು. ಯಂತ್ರವು ಬರೆದುದನ್ನು ಸರಿಯೋ ತಪ್ಪೋ ಎಂದು ನಿರ್ಣಯಿಸಲು ವಿಷಯವನ್ನು ಬಲ್ಲ ಮನುಷ್ಯ ಬೇಕು. ಕೃಷಿಯ ತಂತ್ರಾಂಶಕ್ಕೆ ಬೆಳೆಯನ್ನು ಬಲ್ಲವನು, ಭಾಷೆಯ ತಂತ್ರಾಂಶಕ್ಕೆ ವ್ಯಾಕರಣ ಬಲ್ಲವನು. ಎರಡನೆಯದಾಗಿ, ಈ ಯಂತ್ರಗಳು ಭಾಷೆಯನ್ನು ಕಲಿಯುವುದು ಕಂಪ್ಯೂಟರಿನಲ್ಲಿ ಓದಲು ಸಿಗುವ ಬರಹಗಳಿಂದ. ಇಂಗ್ಲಿಷಿನ ಬರಹ ಸಾಗರದಷ್ಟಿದ್ದರೆ ಕನ್ನಡದ್ದು ಕೆರೆಯಷ್ಟೇ. ಹಳೆಯ ಕ್ರಮದ ಕಡತಗಳಲ್ಲಿಯೂ ಅಟ್ಟದ ಮೇಲಿನ ಪುಸ್ತಕಗಳಲ್ಲಿಯೂ ಉಳಿದ ಕನ್ನಡವನ್ನು ಯಂತ್ರ ಅರಿಯದು. ಅದು ಅರಿಯದ ಕನ್ನಡ ನಾಳೆಯ ಮಕ್ಕಳ ಉತ್ತರಗಳಲ್ಲಿ ಇರದು.

ಆದುದರಿಂದ ಮನೆಯ ಹಿರಿಯರಲ್ಲಿ ನಮ್ಮ ವಿನಂತಿ ಇಷ್ಟು. ಕಂಪ್ಯೂಟರ್ ಓದುವ ಮಗುವಿನ ಕೈಯಿಂದ ಕಥೆ ಪುಸ್ತಕವನ್ನು ಕಸಿದುಕೊಳ್ಳಬೇಡಿ. ತಬಲವನ್ನೋ ಯಕ್ಷಗಾನದ ಹೆಜ್ಜೆಯನ್ನೋ ವ್ಯಾಕರಣವನ್ನೋ ಗಿಡಮರವನ್ನೋ ಇಷ್ಟಪಟ್ಟರೆ ಅಂಕಗಳ ನೆಪದಿಂದ ತಡೆಯಬೇಡಿ. ಹಾಗೆಂದು ಹವ್ಯಾಸದ ಹೆಸರಿನಲ್ಲಿ ಫೋನಿನ ಆಟಗಳಲ್ಲಿ ರಾತ್ರಿ ಕಳೆಯುವುದನ್ನು ನಾವು ಹೊಗಳುತ್ತಿಲ್ಲ. ಏನಾದರೂ ಕಲಿಸುವ, ಕೈಯಿಂದ ಏನಾದರೂ ಮೂಡಿಸುವ ಆಸಕ್ತಿಯ ಮಾತು ನಮ್ಮದು. ಉದ್ಯೋಗದಲ್ಲಿರುವ ಮಗ ರಜೆಗೆ ಬಂದಾಗ ಸಂಬಳದ ಮಾತಿನ ಜತೆಗೆ, ಈಗ ಏನು ಓದುತ್ತಿರುವೆ ಅಪ್ಪಾ ಎಂದೂ ಕೇಳಿ. ರಾತ್ರಿ ಪಾಳಿಯಿಂದ ನಿದ್ದೆಗೆಟ್ಟು, ಬೆನ್ನು, ಕಣ್ಣು ಸೋತು ಬಂದವನಿಗೆ ಆ ಪ್ರಶ್ನೆಯೇ ಒಂದು ಉಪಚಾರ.

ತರುಣ ತರುಣಿಯರಲ್ಲಿಯೂ ಒಂದು ಮಾತು. ಅಜ್ಜ ಬರೆದಿಟ್ಟ ಹಾಡುಗಳ ವಹಿ, ಅಜ್ಜಿಯ ಸಂಪ್ರದಾಯದ ಪದಗಳು, ಊರಿನ ಚರಿತ್ರೆಯ ಹಳೆಯ ಸ್ಮರಣ ಸಂಚಿಕೆ, ಹಳೆಯ ತಂತ್ರಾಂಶದಲ್ಲಿ ಅಚ್ಚು ಮಾಡಿಸಿದ ಪುಸ್ತಕದ ಕಡತ, ಇಂಥದೊಂದು ಪ್ರತಿ ಮನೆಯಲ್ಲಿಯೂ ಪ್ರತಿ ಊರಿನಲ್ಲಿಯೂ ಇದ್ದೇ ಇರುತ್ತದೆ. ವಾರಕ್ಕೆ ಒಂದು ಗಂಟೆ ಹೊತ್ತು ಕೊಟ್ಟು ಅದನ್ನು ಯೂನಿಕೋಡಿಗೆ ತನ್ನಿ. ಅಕ್ಷರ ತಿಳಿಯದಿದ್ದಲ್ಲಿ ಮನೆಯ ಹಿರಿಯರನ್ನು ಕೇಳಿ. ಶಬ್ದ ತಿಳಿಯದಿದ್ದಲ್ಲಿ ನಿಘಂಟನ್ನು ತೆರೆಯಿರಿ. ಹತ್ತು ಪುಟ ಮುಗಿಯುವಷ್ಟರಲ್ಲಿ ನಿಮ್ಮ ಕನ್ನಡವೂ ಬೆಳೆದಿರುತ್ತದೆ, ನಿಮ್ಮ ವೃತ್ತಿಗೆ ಬೇಕಾದ ಎಚ್ಚರವೂ ಬೆಳೆದಿರುತ್ತದೆ. ಒಂದು ವರ್ಷದಲ್ಲಿ ಒಂದು ಪುಸ್ತಕ ಉಳಿದರೂ ಅದು ಸಾರ್ಥಕವಾದ ವರ್ಷವೆಂದೇ ನಾವು ಭಾವಿಸುತ್ತೇವೆ.